ಗಿಡವಲ್ಲದ ಅಣಬೆ

ಜೀವಿಗಳನ್ನು ಎಷ್ಟು ಗುಂಪು ಮಾಡಬೇಕೆಂದು ಯಾರಾದರೂ ನನ್ನನ್ನು ಕೇಳಿದರೆ, ಮೊದಲು ನಿಮ್ಮ ಮನೆಯ ಅಡುಗೆಮನೆಯಲ್ಲಿ ವಿಚಾರಿಸಿಕೊಂಡು ಬನ್ನಿ ಎನ್ನುತ್ತೇನೆ. ಪುಸ್ತಕದಲ್ಲಿ ಏನು ಬೇಕಾದರೂ ಇರಲಿ, ತೀರ್ಪು ಆಗುವುದು ಅಲ್ಲಿ. ನಾನು ಧಾರವಾಡದಲ್ಲಿ ಸಸ್ಯಶಾಸ್ತ್ರ ಓದಿ ಪದವಿ ಪಡೆದವಳು. ಇಷ್ಟು ತಿಳಿಯುವುದಕ್ಕೆ ಪುಣೆಗೆ ಸೊಸೆಯಾಗಿ ಬರಬೇಕಾಯಿತು.

ಕಾಲೇಜಿನಲ್ಲಿ ನಮ್ಮ ಸರ್ ಅಣಬೆಯ ಪಾಠವನ್ನು ಗಿಡಗಳ ಜೊತೆಗೇ ಶುರು ಮಾಡುತ್ತಿದ್ದರು. "ಇದಕ್ಕ ಹಸರಿಲ್ಲ, ಬೇರಿಲ್ಲ, ತನ್ನ ಊಟ ತಾ ಮಾಡ್ಕೊಳ್ಳೂದಿಲ್ಲ. ಆದ್ರೂ ಎಲ್ಲಿಡಬೇಕು ತಿಳೀದ ಗಿಡದಾಗ ಇಟ್ಟಿದ್ರು" ಎಂದು ನಗುತ್ತಿದ್ದರು. ಆಮೇಲೆ ಐದು ಸಾಮ್ರಾಜ್ಯಗಳ ಹೊಸ ವಿಂಗಡಣೆ ವಿವರಿಸುತ್ತಿದ್ದರು. ಬ್ಯಾಕ್ಟೀರಿಯಾಗಳಿಗೆ ಒಂದು, ಅಮೀಬಾದಂಥ ಒಂಟಿ ಕೋಶದವಕ್ಕೆ ಒಂದು, ಗಿಡಗಳಿಗೊಂದು, ಪ್ರಾಣಿಗಳಿಗೊಂದು. ಅಣಬೆ, ಬೂಸ್ಟು, ಹಿಟ್ಟು ಹುದುಗಿಸುವ ಯೀಸ್ಟು ಎಲ್ಲಕ್ಕೂ ಸೇರಿ ಶಿಲೀಂಧ್ರ ಎಂಬ ಸ್ವಂತದ ಮನೆ. ಅಣಬೆಗೆ ಕಡೆಗೂ ಒಂದು ಜಾಗ ಸಿಕ್ಕಿತಲ್ಲ ಎಂದು ನನಗೆ ಖುಷಿಯಾಗಿತ್ತು. ಹುಚ್ಚು ವಯಸ್ಸು.

ತೊಂಬತ್ತರ ದಶಕದ ಮೊದಲಲ್ಲಿ ನನ್ನ ಮದುವೆಯಾಯಿತು. ಮಾರ್ಕೆಟ್ ಯಾರ್ಡಿನಲ್ಲಿ ನಮ್ಮವರ ಉಳ್ಳಾಗಡ್ಡಿಯ ಅಡತಿ ಅಂಗಡಿ. ರೈತರ ಮಾಲು ಬರುತ್ತದೆ, ಇವರು ಮಾರಿಸಿ ಕಮಿಷನ್ ಹಿಡಿಯುತ್ತಾರೆ. ಯಜಮಾನಿಕೆ ನನ್ನ ಗಂಡನ ಅಣ್ಣನದು, ಅಂದರೆ ನನ್ನ ಭಾವನದು. ನನ್ನ ಗಂಡ ಅದೇ ಅಂಗಡಿಯ ಗದ್ದಿಗೆಯ ಮೂಲೆಯಲ್ಲಿ ಕೂತು ಲೆಕ್ಕ ಬರೆಯುವವರು, ಅಣ್ಣನ ಎದುರು ಬಾಯಿ ತೆರೆದವರಲ್ಲ. ಮನೆಯೊಳಗಿನ ಯಜಮಾನಿಕೆ ಅತ್ತೆಯದು. ಬೆಳಿಗ್ಗೆ ಲಿಂಗಪೂಜೆ ಮುಗಿಯುವ ತನಕ ನೀರು ಮುಟ್ಟದ ಹೆಂಗಸು.

ಮದುವೆಯಾದ ವರ್ಷವೇ ಹತ್ತಿರದ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ಕೆಲಸ ಬಂದಿತ್ತು. "ನಮ್ಮ ಮನಿ ಸೊಸೆಂದ್ರು ಹೊರಗ ಹೋಗಿ ದುಡ್ಯೂದಿಲ್ಲ" ಎಂದರು ಭಾವ. ನನಗಲ್ಲ, ಗೋಡೆಗೆ ಹೇಳಿದ ಹಾಗೆ. ಗಂಡ ಚಹಾ ಕುಡಿಯುತ್ತಲೇ ಇದ್ದರು. ಹಾಗಾದರೆ ಮನೆಯೊಳಗೇ ಏನಾದರೂ ಮಾಡುತ್ತೇನೆ ಎಂದೆ. ಅದಕ್ಕೆ ಬೇಡ ಎನ್ನಲು ಆ ಕ್ಷಣಕ್ಕೆ ಯಾರಿಗೂ ಕಾರಣ ಸಿಗಲಿಲ್ಲ.

ಆ ಕಾಲದಲ್ಲಿ ಪುಣೆಯ ಮಧ್ಯಮ ವರ್ಗದ ಹೆಂಗಸರಿಗೆ ಅಣಬೆ ಬೆಳೆಸುವ ಹುಚ್ಚು ಹಿಡಿದಿತ್ತು. ನಾನೂ ಒಂದು ತರಬೇತಿಗೆ ಹೋಗಿ ಕಲಿತು ಬಂದೆ. ಮಹಡಿಯ ಮೇಲೆ ಖಾಲಿ ಚೀಲ ಒಟ್ಟುವ ಕತ್ತಲೆ ಕೋಣೆಯೊಂದಿತ್ತು. ಅದನ್ನು ಗುಡಿಸಿ ತೊಳೆದು ನನ್ನದು ಮಾಡಿಕೊಂಡೆ. ಇಂದಾಪುರ ಕಡೆಯ ಲಾರಿಯವರು ಗೋಧಿಯ ಹೊಟ್ಟು ತಂದು ಹಾಕುತ್ತಿದ್ದರು. ಅದನ್ನು ನೆನೆಸಿ, ಬಿಸಿನೀರಿನಲ್ಲಿ ಅದ್ದಿ, ಬಸಿದು, ಪ್ಲಾಸ್ಟಿಕ್ ಚೀಲದಲ್ಲಿ ಒತ್ತಿ ತುಂಬಬೇಕು. ನಡುನಡುವೆ ಬೀಜ ಉದುರಿಸಬೇಕು. ಬೀಜವೆಂದರೆ ಬೇಯಿಸಿದ ಜೋಳದ ಕಾಳಿನ ಮೇಲೆ ಹಬ್ಬಿಸಿದ ಬಿಳಿಯ ನೂಲು, ಅಷ್ಟೆ. ಚೀಲಗಳನ್ನು ಜಂತಿಗೆ ತೂಗುಹಾಕಿ ಬಾಗಿಲು ಮುಚ್ಚಿದರೆ, ಕೆಲವು ವಾರಗಳಲ್ಲಿ ಹೊಟ್ಟೆಲ್ಲ ಬೆಳ್ಳಗಾಗಿ, ಚೀಲದ ತೂತುಗಳಿಂದ ಅಣಬೆ ಕಿವಿ ಚಾಚುತ್ತಿತ್ತು. ಮೊದಲ ಸಲ ಕಂಡಾಗ ಒಬ್ಬಳೇ ನಿಂತು ಅತ್ತುಬಿಟ್ಟೆ. ಆ ಮನೆಯಲ್ಲಿ ನನ್ನದು ಅಂತ ಇದ್ದದ್ದು ಅದೊಂದೇ ಕೋಣೆ.

ಅತ್ತೆಯದೇನೂ ತಕರಾರು ಇರಲಿಲ್ಲ. "ಮಳಿಗಾಲದಾಗ ನಮ್ಮ ಹೊಲದ ಬದುವಿನ್ಯಾಗೂ ಏಳ್ತಿದ್ವು. ನೆಲದಿಂದ ಏಳ್ತಾವ ಅಂದಮ್ಯಾಲ ಗಿಡಾನ" ಎಂದು ತಾವೇ ತೀರ್ಮಾನ ಮಾಡಿದ್ದರು. ನಾನು ತಿದ್ದಲಿಲ್ಲ, ಅವರು ಕೇಳಿರಲಿಲ್ಲ. ಪಲ್ಯ ಮಾಡಿದರೆ ಬಿಸಿ ರೊಟ್ಟಿಗೆ ಹಚ್ಚಿಕೊಂಡು ಚಪ್ಪರಿಸಿ ತಿನ್ನುತ್ತಿದ್ದರು. ಎದುರು ಮನೆಯ ಮರಾಠಿ ಹೆಂಗಸಿಗೆ "ಆಮಚ್ಯಾ ಸುನೇಚಿ ಅಳಂಬಿ", ನಮ್ಮ ಸೊಸೆಯ ಅಣಬೆ ಎಂದು ಡಬ್ಬಿಯಲ್ಲಿ ಹಾಕಿ ಕೊಟ್ಟದ್ದೂ ಉಂಟು. ಕ್ಯಾಂಪ್ ಬಡಾವಣೆಯ ಒಂದು ಹೋಟೆಲಿನವರು ವಾರವಾರ ಒಯ್ಯತೊಡಗಿದರು. ಭಾವನಿಗೆ ಅದು ಸೇರಲಿಲ್ಲವೆಂದು ಮುಖ ನೋಡಿದರೇ ತಿಳಿಯುತ್ತಿತ್ತು. ಸೊಸೆಯ ಮಾಲು ಅವರ ಗದ್ದಿಗೆ ತಾಕದೆ ಮನೆಯಿಂದಲೇ ಹೋಗುತ್ತಿತ್ತಲ್ಲ!

ಅಷ್ಟರಲ್ಲಿ ಭಾವನ ಮಗಳ ಶಾಲೆಯ ಪುಸ್ತಕ ಬದಲಾಯಿತು. ಒಂದು ಸಂಜೆ ಎಲ್ಲರೂ ಊಟಕ್ಕೆ ಕೂತಿದ್ದೆವು, ತಟ್ಟೆಯಲ್ಲಿ ಅಣಬೆಯದೇ ಪಲ್ಯ. ಹುಡುಗಿ ಚಿಕ್ಕಮ್ಮನಾದ ನನ್ನನ್ನು ಕೇಳಿದಳು.

"ಕಾಕು, ಅಣಬಿ ಗಿಡ ಅಲ್ಲಂತ ಬುಕ್ಕಿನ್ಯಾಗ ಬರ್ದಾರ. ಖರೇನ?"

"ಹೌದವ್ವಾ, ಅದರದು ಬ್ಯಾರೆನ ಸಾಮ್ರಾಜ್ಯ."

"ಯಾಕ?"

ವರ್ಷಗಟ್ಟಲೆ ಯಾರೂ ನನ್ನನ್ನು ಆ ಮನೆಯಲ್ಲಿ 'ಯಾಕೆ' ಎಂದು ಕೇಳಿರಲಿಲ್ಲ. ಓದಿದ್ದೆಲ್ಲ ಗಂಟಲಿಗೆ ಬಂತು. ಗಿಡ ಬಿಸಿಲಿನಲ್ಲಿ ತನ್ನ ಊಟ ತಾನೇ ಮಾಡಿಕೊಳ್ಳುತ್ತದೆ, ಅಣಬೆ ನಮ್ಮ ಹಾಗೆ ಬೇರೆಯವರು ಮಾಡಿಟ್ಟದ್ದನ್ನು ಉಣ್ಣುತ್ತದೆ ಎಂದೆ. ಅಷ್ಟಕ್ಕೇ ನಿಲ್ಲಲಿಲ್ಲ. ಗಿಡದ ಕೋಶದ ಗೋಡೆ ಒಂದು ಥರದ್ದು, ಅಣಬೆಯದರಲ್ಲಿ ಇರುವುದು ಕೈಟಿನ್, ಏಡಿಯ ಚಿಪ್ಪಿನಲ್ಲೂ ಅದೇ ಇರುತ್ತದೆ ಎಂದೆ.

ಅತ್ತೆಯ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

"ಏಡಿ ಅಂದೇನು?"

"ಏಡಿ ಅಲ್ರಿ ಅತ್ತಿ, ಏಡಿಯೊಳಗ ಇರೂ ಒಂದು—"

"ಗಿಡ ಹೌದೋ ಅಲ್ಲೋ, ಅಷ್ಟ ಹೇಳು."

"ಅಲ್ರಿ. ಆದ್ರ ಪ್ರಾಣಿನೂ ಅಲ್ರಿ."

ಅವರ ಲೋಕದಲ್ಲಿ ಇದ್ದದ್ದು ಎರಡೇ ಸಾಮ್ರಾಜ್ಯ. ತಿನ್ನುವಂಥದ್ದು, ತಿನ್ನಬಾರದ್ದು. ಮೂರನೆಯದಕ್ಕೆ ಅಲ್ಲಿ ಹೊಸ್ತಿಲೇ ಇಲ್ಲ. ಎದ್ದು ಬಚ್ಚಲಿಗೆ ಹೋಗಿ ಗಂಟಲಿಗೆ ಬೆರಳು ಹಾಕಿ ಕಾರಿಕೊಂಡರು. ಆಮೇಲೆ ಸ್ನಾನ, ಮತ್ತೆ ಪೂಜೆ, ಮರುದಿನ ಉಪವಾಸ. ಶ್ರಾವಣದಲ್ಲಿ ಊರಿನಿಂದ ಮಠದ ಅಯ್ಯನವರು ಪ್ರಸಾದಕ್ಕೆ ಬರುವ ಮನೆಯಲ್ಲಿ ಎಂಥಾದ್ದು ಬೆಳೆಸಿದಳು ನೋಡು ಎಂದು ಗೋಳಾಡಿದರು.

ಭಾವನಿಗೆ ಕುಣಿಯುವಷ್ಟು ಸಂತೋಷವಾಗಿರಬೇಕು. "ಧರ್ಮ ಅಂಬೂದು ಒಂದು ಇರ್ತದ" ಎಂದರು. ಯಾರು ಹೇಳಿದ್ದು ನೋಡಿ! ಮಾರ್ಕೆಟ್ ಯಾರ್ಡಿನ ಗೇಟಿನ ಹೊರಗೆ ಗಾಡಿಯವನ ಹತ್ತಿರ ನಿಂತು ಆಮ್ಲೆಟ್ ಪಾವ್ ತಿನ್ನುವ ಮನುಷ್ಯ. ಮನೆಮಂದಿಗೆಲ್ಲ ಗೊತ್ತಿತ್ತು. ಹೊರಗೆ ತಿಂದದ್ದು ಯಾವ ಸಾಮ್ರಾಜ್ಯಕ್ಕೂ ಸೇರುವುದಿಲ್ಲ. ಮೊಮ್ಮಗಳಿಗೆ ಅತ್ತೆಯೇ ತಮ್ಮ ಕೈಯಾರೆ ಮೀನೆಣ್ಣೆಯ ಗುಳಿಗೆ ನುಂಗಿಸುತ್ತಿದ್ದರು. ಅದು ಔಷಧ. ಪ್ರಾಣಿಯಲ್ಲ, ಗಿಡವಲ್ಲ, ಡಾಕ್ಟರರ ಸಾಮ್ರಾಜ್ಯದ್ದು. ನನ್ನ ಅಣಬೆಗೆ ಮಾತ್ರ ಅಂಥ ಸಂದು ಯಾರೂ ಹುಡುಕಲಿಲ್ಲ.

ಎರಡು ದಿನ ಕಳೆದು, ಕೋಣೆ ಖಾಲಿ ಮಾಡಲು ಭಾವ ಕಳಿಸಿದ ಅಂಗಡಿಯ ಹಮಾಲರು ಬಂದರು. ಚೀಲಗಳ ತುಂಬ ಅಣಬೆ ಆಗಷ್ಟೇ ಬಲಿತು ನಿಂತಿತ್ತು. ಕೊಯ್ದಾದರೂ ಕೊಡುತ್ತೇನೆ, ಹೋಟೆಲಿನವರು ಕಾಯುತ್ತಿರುತ್ತಾರೆ ಎಂದು ಗಂಡನ ಮುಂದೆ ಕೈಮುಗಿದೆ. "ಹೋಗ್ಲಿ ಬಿಡು, ಯಾಕ ತಲಿ ಕೆಡಿಸ್ಕೋತಿ" ಎಂದು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು. ಎಲ್ಲವನ್ನೂ ಟೆಂಪೋದಲ್ಲಿ ಒಯ್ದು ಯಾರ್ಡಿನ ಕಸದ ಗುಡ್ಡೆಗೆ ಸುರಿದರು. ಅಲ್ಲಿಯ ದನಗಳು ಹೊಟ್ಟಿನ ಸಮೇತ ಮೇದವೆಂದು ಆಮೇಲೆ ಗೊತ್ತಾಯಿತು. ಆ ಕೋಣೆಗೆ ಮತ್ತೆ ಖಾಲಿ ಚೀಲಗಳು ಬಂದವು. ನಾನು ಅಡುಗೆಮನೆಗೆ ಬಂದೆ.

ವರ್ಷಗಳು ಉರುಳಿದವು. ಯಾರೂ ಅದರ ಮಾತೆತ್ತಲಿಲ್ಲ. ಹೋಟೆಲಿನವನು ಒಂದೆರಡು ಸಲ ಬಾಗಿಲಿಗೆ ಬಂದು ಹೋದ. ಕೆಲಸಕ್ಕೆ ಕರೆದಿದ್ದ ಶಾಲೆ ದೊಡ್ಡದಾಯಿತು, ಅಲ್ಲಿ ಈಗ ನನಗಿಂತ ಕಿರಿಯರು ನಿವೃತ್ತಿಯ ಮಾತಾಡುತ್ತಾರೆ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಕ್ಕೆ, ಆವತ್ತು ಪ್ರಶ್ನೆ ಕೇಳಿದ ಹುಡುಗಿಯದೇ ನಿಶ್ಚಿತಾರ್ಥ. ಬಿಬ್ವೇವಾಡಿಯ ಒಂದು ಹಾಲ್, ಬಫೆ ಊಟ. ಅತ್ತೆಗೆ ಕುರ್ಚಿಯ ಮೇಲೆ ತಟ್ಟೆ ತಂದು ಕೊಡುವ ಕೆಲಸ ನನ್ನದು. ತಟ್ಟೆಯಲ್ಲಿ ಕೆಂಪು ಗ್ರೇವಿ, ಅದರಲ್ಲಿ ದುಂಡನೆಯ ಹೋಳು. ನೋಡಿದ ಕೂಡಲೇ ಗುರುತು ಹತ್ತಿತು. ನಾನು ಹೇಳುವ ಮೊದಲೇ ಅತ್ತೆ ಎರಡು ತುತ್ತು ಮುಗಿಸಿದ್ದರು.

"ಅತ್ತಿ, ಅದು ಅಣಬಿ ಅದ ರೀ."

"ಗೊತ್ತದವ್ವಾ. ಭಾಳ ಛಲೋ ಆಗೇದ."

"ಮತ್ತ ಏಡಿ?"

"ಎಂಥಾ ಏಡಿ! ಪಾಕೀಟಿನ ಮ್ಯಾಲ ಹಸರು ಚುಕ್ಕಿ ಇರ್ತದ, ನೋಡಿಲ್ಲೇನು? ಸರಕಾರದವರು ಸುಳ್ಳ ಹಾಕ್ತಾರೇನು? ನಿಮ್ಮ ಭಾವ ಈಗ ಅದರದ ಏಜೆನ್ಸಿ ತಗೊಂಡಾನ. ಇವತ್ತಿನ ಮಾಲು ನಮ್ಮ ಅಂಗಡೀದ."

ದಿನಾ ಎರಡು ಹೊತ್ತು ನಾನು ಬಡಿಸಿದ ತಟ್ಟೆಗಳ ನಡುವೆ ಈ ಸುದ್ದಿ ಯಾರ ಬಾಯಿಂದಲೂ ನನ್ನ ಕಡೆ ಜಾರಿರಲಿಲ್ಲ. ದೂರದಲ್ಲಿ ಭಾವ ಬೀಗರಿಗೆ ಅದೇ ಪಲ್ಯವನ್ನು ಒತ್ತಾಯ ಮಾಡಿ ಹಾಕಿಸುತ್ತಿದ್ದರು. ಪಕ್ಕದಲ್ಲಿ ನನ್ನ ಗಂಡ ಟಿಶ್ಯೂ ಕಾಗದ ಹಿಡಿದು ನಿಂತಿದ್ದರು.

ಅತ್ತೆ ಬಾಯಿ ಒರೆಸಿಕೊಂಡು ನನ್ನ ಮುಖ ನೋಡಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

"ಆವಾಗ ನೀನೂ ಅದಕ್ಕ ಗಿಡ ಅಂತ ಒಂದು ಮಾತು ಅಂದು ಬಿಟ್ಟಿದ್ದರ ಮುಗೀತಿತ್ತಲ್ಲವ್ವಾ. ಯಾರು ಬ್ಯಾಡ ಅಂತಿದ್ರು? ಓದಿದಾಕಿ, ಅಷ್ಟೂ ತಿಳೀಲಿಲ್ಲ ನಿನಗ."

ನಾನು ಅವರ ಕೈಯಿಂದ ಖಾಲಿ ತಟ್ಟೆ ತೆಗೆದುಕೊಂಡೆ.

"ಇನ್ನೂ ಸ್ವಲ್ಪ ಹಾಕಿಸಿಕೊಂಡು ಬರ್ಲೇನ್ರಿ, ಅತ್ತಿ?"

"ಹೂಂ, ರಸ ಕಡಿಮಿ ಇರ್ಲಿ. ಹೋಳು ಹೆಚ್ಚಿಗಿ ಹಾಕಿಸು."