ಕೇಳಿದ್ದು ಅಪ್ಪನನ್ನು

ಹಿಮದ ಮೇಲೆ ಸ್ಕೀ ಆಡುವ ಊರಿಗೆ ನಾವು ಹೋದದ್ದು ಮೇ ತಿಂಗಳಲ್ಲಿ. ನಗುವವರು ನಗಲಿ. ಮಕ್ಕಳಿಗೆ ರಜೆ ಇರುವುದೇ ಮೇ ತಿಂಗಳಲ್ಲಿ. ಹಿಮ ಬೀಳುವ ತನಕ ಶಾಲೆಯವರು ಕಾಯುತ್ತಾರೆಯೇ? ಮಹಾರಾಷ್ಟ್ರದ ಗಡಿಯ ಇಚಲಕರಂಜಿಯ ಒಂದು ಮರಾಠಿ ಶಾಲೆಯಲ್ಲಿ ಪಾಠ ಹೇಳುವ ನನಗೂ ಅದೇ ರಜೆ. ನನ್ನ ಗಂಡ ಯಡ್ರಾವದ ಪವರ್‌ಲೂಮ್ ಶೆಡ್ಡುಗಳಲ್ಲಿ ಮಗ್ಗ ರಿಪೇರಿ ಮಾಡುತ್ತಾರೆ. ಮಗಳಿಗೆ ಎಂಟು, ಮಗನಿಗೆ ನಾಲ್ಕು. ಇಷ್ಟು ಜನ ಸಾಲದೆಂಬಂತೆ, ಯಾರ ಮಾತನ್ನೂ ಕೇಳದೆ, ಗಡಹಿಂಗ್ಲಜ ಕಡೆಯ ಹಳ್ಳಿಯಲ್ಲಿದ್ದ ಅಪ್ಪನನ್ನೂ ಹೊರಡಿಸಿದೆ.

ಅಪ್ಪ ಕುರಿ ಕಾಯುವವನು. ಬುದ್ಧಿ ಬಂದಾಗಿನಿಂದ ಅದೊಂದೇ ಕೆಲಸ. ಹಿಂಡನ್ನು ಚಿಕ್ಕಪ್ಪನಿಗೆ ಒಪ್ಪಿಸುವಾಗ ಯಾವ ಕುರಿ ಕಳ್ಳಮೇವಿಗೆ ಹೋಗುತ್ತದೆ, ಯಾವುದಕ್ಕೆ ಗುಡುಗಿನ ಅಂಜಿಕೆ ಎಂದೆಲ್ಲ ಹೇಳಿ ಮುಗಿಸುವುದರಲ್ಲಿ ಅರ್ಧ ದಿನ ಹೋಯಿತಂತೆ. ಆಮೇಲೆ ಹೆಗಲಿಗೆ ಕಂಬಳಿ ಹಾಕಿಕೊಂಡು ಹಾತಕಣಂಗಲೆ ಸ್ಟೇಷನ್ನಿಗೆ ನಮಗಿಂತ ಮೊದಲೇ ಬಂದು ಕೂತಿದ್ದ.

ಕೊಲ್ಹಾಪುರದ ಟೂರಿನವರ ಜೊತೆ ಹೊರಟಿದ್ದೆವು. ದಿಲ್ಲಿಯಲ್ಲಿ ರೈಲಿಳಿದು ಬಸ್ಸು ಹತ್ತಿದ ಕೂಡಲೇ ಟೂರ್ ಮ್ಯಾನೇಜರ್ ಮೈಕ್ ಹಿಡಿದು, ಪ್ರತಿ ಮನೆಯ ಹಿರಿಯರು ತಮ್ಮ ಪರಿಚಯ ಹೇಳಬೇಕೆಂದ. ಬ್ಯಾಂಕಿನ ದೊಡ್ಡ ಅಧಿಕಾರಿಯೊಬ್ಬರು ಹೇಳಿದರು, ಬೆಲ್ಲದ ವ್ಯಾಪಾರಿಯೊಬ್ಬರು ಹೇಳಿದರು. ಮೈಕ್ ನಮ್ಮ ಸೀಟಿಗೆ ಬಂತು.

"ಆಜೋಬಾ, ತುಮ್ಹೀ ಕಾಯ ಕರತಾ?" ಅಜ್ಜಾ, ನೀವೇನು ಮಾಡುತ್ತೀರಿ ಎಂದು ಕೇಳಿದ.

ಅಪ್ಪ ಟವೆಲಿನಿಂದ ಬಾಯಿ ಒರೆಸಿಕೊಂಡು ಎದ್ದು ನಿಂತ. ಅವನು ಬಾಯಿ ತೆರೆಯುವ ಮೊದಲೇ ನಾನು ಮೈಕ್ ಕಿತ್ತುಕೊಂಡೆ. ಇವರು ರೈತರು, ಈಗ ಆರಾಮಾಗಿದ್ದಾರೆ ಎಂದು ಅಚ್ಚುಕಟ್ಟಾದ ಮರಾಠಿಯಲ್ಲಿ ಹೇಳಿಬಿಟ್ಟೆ. ಅಪ್ಪ ಟವೆಲು ಮಡಚಿಕೊಂಡು ಕೂತ. ಮಗಳು ಮಾತ್ರ, "ಅಜ್ಜ ಹೊಲಾ ಯಾವಾಗ ಮಾಡ್ಯಾನ?" ಎಂದಳು. ನಾನು ಅವಳ ತೊಡೆ ಚಿವುಟಿದೆ.

ನನಗೆ ನಾಚಿಕೆಯಾಗಿತ್ತು. ಇದಕ್ಕೆ ಬೇರೆ ಹೆಸರಿಲ್ಲ. ಶಾಲೆಯ ಸ್ಟಾಫ್ ರೂಮಿನಲ್ಲೂ ವರ್ಷಗಟ್ಟಲೆ ಇದೇ ಮಾತು ಹೇಳಿಕೊಂಡು ಬಂದವಳು ನಾನು. ಹಟಮಾರಿ ಎಂದು ಊರೆಲ್ಲ ಹೆಸರು ಮಾಡಿದ್ದರೂ ನನ್ನ ಹಟ ಈ ಒಂದು ವಿಷಯಕ್ಕೆ ಬಂದರೆ ಬಾಲ ಮುದುರಿಕೊಳ್ಳುತ್ತಿತ್ತು.

ಬೇರೆ ವಿಷಯಗಳಲ್ಲಿ ಅದಕ್ಕೆ ಕೊರತೆಯಿರಲಿಲ್ಲ. ಮನಾಲಿಯಿಂದ ಮೇಲೆ ಸ್ಕೀ ಇಳಿಜಾರಿಗೆ ಹೋಗುವ ದಾರಿಯಲ್ಲಿ ಬಸ್ಸು ಒಂದು ಅಂಗಡಿಯ ಮುಂದೆ ನಿಂತಿತು. ಅಲ್ಲಿ ಉದ್ದನೆಯ ಹಿಮದ ಕೋಟು, ಮೊಣಕಾಲವರೆಗಿನ ರಬ್ಬರ್ ಬೂಟು ಬಾಡಿಗೆಗೆ. ನಮ್ಮಲ್ಲಿ ದೀಪಾವಳಿಯ ಬೆಳಗ್ಗೆ ಇರುವಷ್ಟು ಚಳಿಯೂ ಇರಲಿಲ್ಲ. ಬಸ್ಸಿನವರೆಲ್ಲ ಸಾಲಾಗಿ ನಿಂತು ತೊಟ್ಟುಕೊಳ್ಳತೊಡಗಿದರು.

"ಎಲ್ಲಾರೂ ತಗೊಂಡಾರ, ನಾವೂ ತಗೊಳ್ಳೂಣು," ಎಂದರು ನನ್ನ ಗಂಡ.

"ಎಲ್ಲಾರೂ ಬೆವರಾಕ ಹೊಂಟಾರ್ರಿ. ನಮಗ ಊರಾಗ ಬೆವರಿದ್ದು ಸಾಲಂಗಿಲ್ಲೇನು?"

ಅಂಗಡಿಯವನು ಮಕ್ಕಳಿಗೆ ನ್ಯುಮೋನಿಯಾ ಆಗುತ್ತದೆ ಎಂದು ಹಿಂದಿಯಲ್ಲಿ ಹೆದರಿಸಿದ. ಆದರೆ ಆಗಲಿ ಎಂದು ನಾನು ಬಸ್ಸಿನಲ್ಲಿ ಹೋಗಿ ಕೂತೆ. ಮೇಲೆ ಹೋಗಿ ನೋಡಿದರೆ ಕಣ್ಣು ಹಾಯಿಸಿದಷ್ಟೂ ಹಸಿರು ಹುಲ್ಲು. ತಲೆಯ ಮೇಲೆ ರೋಪ್‌ವೇ ತೊಟ್ಟಿಲುಗಳು ಹೋಗುತ್ತ ಬರುತ್ತ ಇದ್ದವು. ಕೋಟು ತೊಟ್ಟವರು ಕೋಟು ಬಿಚ್ಚಿ ತೋಳಿನ ಮೇಲೆ ಹೊತ್ತುಕೊಂಡು, ಬೂಟು ಎಳೆದುಕೊಂಡು ನಡೆದರು. ನನಗೆ ಒಳಗೊಳಗೇ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಮಗನಿಗೆ ಮಾತ್ರ ಮೋಸವಾಗಿತ್ತು. ಬರ್ಫ ಎಲ್ಲಿ, ಬರ್ಫ ಎಲ್ಲಿ ಎಂದು ಕೇಳಿ ಕೇಳಿ ಕೊನೆಗೆ ಹುಲ್ಲಿನ ಮೇಲೆ ಬಿದ್ದು ಹೊರಳಾಡಿ ಅಳತೊಡಗಿದ. ನನ್ನ ಗಂಡ ಟೂರಿನ ಅಡುಗೆಯವನಿಂದ ಒಂದು ಖಾಲಿ ರಟ್ಟಿನ ಡಬ್ಬಿ ತಂದು ಹರಿದು ಹಾಸಿ, ಅದರ ಮೇಲೆ ಅವನನ್ನು ಕೂರಿಸಿ ಕೆಳಗೆ ಜಾರಿಸಿದರು. ಎರಡನೆಯ ಸಲ ಜಾರುವಷ್ಟರಲ್ಲಿ ಅಳು ನಿಂತಿತು. ಬ್ಯಾಂಕಿನವರ ಮೊಮ್ಮಕ್ಕಳೂ ರಟ್ಟು ಬೇಕೆಂದು ರಚ್ಚೆ ಹಿಡಿದವು.

ಆಗ ಇಳಿಜಾರಿನ ಬದಿಯಿಂದ ಕುರಿಗಳು ಬಂದವು. ಚಳಿಗಾಲದಲ್ಲಿ ಜನ ಜಾರುವ ಅದೇ ಜಾಗ ಬೇಸಿಗೆಯಲ್ಲಿ ಮೇವಿನ ದಾರಿ. ಬೆಟ್ಟ ಹತ್ತುತ್ತಿದ್ದ ದೊಡ್ಡ ಹಿಂಡು, ಎರಡು ನಾಯಿ, ಉಣ್ಣೆಯ ನಿಲುವಂಗಿಯ ಮುದುಕನೊಬ್ಬ. ಗ್ರೂಪ್ ಫೋಟೋಕ್ಕೆ ಜನರನ್ನು ನಿಲ್ಲಿಸುತ್ತಿದ್ದ ನಮ್ಮ ಮ್ಯಾನೇಜರ್ ಚಪ್ಪಾಳೆ ತಟ್ಟಿ ಕುರಿಗಳನ್ನು ಓಡಿಸತೊಡಗಿದ. ಹಿಂಡು ಬೆದರಿ ಎರಡು ಪಾಲಾಯಿತು. ಅಪ್ಪ ಫೋಟೋದ ಸಾಲು ಬಿಟ್ಟು ಹೊರಟೇಹೋದ.

ನಾಲಿಗೆ ಮಡಚಿ ಅಪ್ಪ ಕುರಿ ಕರೆಯುವ ಸದ್ದು ಮಾಡಿದ. ಆ ಕುರಿಗಳಿಗೆ ನಮ್ಮ ಕಡೆಯ ಸದ್ದು ತಿಳಿಯಲಿಲ್ಲ, ತಿರುಗಿಯೂ ನೋಡಲಿಲ್ಲ. ಮುದುಕನಿಗೆ ಮಾತ್ರ ತಿಳಿಯಿತು. ಇಬ್ಬರೂ ಎರಡು ಕಡೆಯಿಂದ ಸುತ್ತು ಹಾಕಿ ಹಿಂಡನ್ನು ಒಂದು ಮಾಡಿದರು. ಆಮೇಲೆ ಅಪ್ಪ ಒಂದು ಕುರಿಯನ್ನು ಹಿಡಿದು, ತುಟಿ ಸರಿಸಿ ಹಲ್ಲು ನೋಡಿ, ಅದರ ವಯಸ್ಸು ಬೆರಳಲ್ಲಿ ತೋರಿಸಿದ. ಮುದುಕ ಹೌದೆಂದು ತಲೆಯಾಡಿಸಿ ಗಟ್ಟಿಯಾಗಿ ನಕ್ಕ. ಒಬ್ಬರ ಮಾತು ಇನ್ನೊಬ್ಬರಿಗೆ ಒಂದಕ್ಷರ ಬಾರದು. ಆದರೂ ಹುಲ್ಲಿನ ಮೇಲೆ ಕೂತು ಅರ್ಧ ಗಂಟೆ ಮಾತಾಡಿದರು. ನನ್ನ ಮಗ ಒಂದು ಮರಿಯನ್ನು ತಬ್ಬಿಕೊಂಡು, ಹಿಮದ ಹೆಸರನ್ನೇ ಮರೆತುಬಿಟ್ಟ.

ಮಗಳು ನನ್ನ ಪಕ್ಕಕ್ಕೆ ಬಂದು ನಿಂತಳು. "ಆಯಿ, ಅಜ್ಜ ಕುರಿ ಕಾಯ್ತಾನಂತ ಹೇಳಬಾರದೇನು? ಸಾಲ್ಯಾಗೂ ಹೇಳಬಾರದೇನು?"

ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ನಿಯಮ ಕೇಳಿ ತಿಳಿದುಕೊಳ್ಳುವ ಮಗುವಿನ ಮುಖ ಅದು. ನಾನು ಹೂಂ ಅಂದಿದ್ದರೆ ಅವತ್ತಿನಿಂದ ಅವಳೂ ಹೇಳುತ್ತಿರಲಿಲ್ಲ. ನನ್ನ ನಾಚಿಕೆಯನ್ನು ನಾನೇ ಅವಳ ಕೈಗೆ ಕೊಡುತ್ತಿದ್ದೆ. "ಹೇಳಬೇಕು, ಎಲ್ಲಾರ ಮುಂದೂ ಹೇಳಬೇಕು," ಎಂದೆ.

ಸಂದರ್ಭ ಒದಗಲು ಬಹಳ ಹೊತ್ತಾಗಲಿಲ್ಲ. ಬಸ್ಸು ಕೆಳಗಿಳಿಯತೊಡಗಿದಾಗ ಮುಂದಿನ ಸೀಟಿನ ಹೆಂಗಸೊಬ್ಬಳು ಮೂಗಿಗೆ ಸೆರಗು ಹಿಡಿದು, ಕುರಿಯ ವಾಸನೆ ಎಂದಳು. ಮ್ಯಾನೇಜರ್ ನಯವಾಗಿ ಬಂದು, ಅಜ್ಜನವರು ಹಿಂದಿನ ಸೀಟಿಗೆ ಹೋದರೆ ಎಲ್ಲರಿಗೂ ಅನುಕೂಲ ಎಂದ. ನಾನು ಅವನ ಕೈಯಿಂದ ಮೈಕ್ ತೆಗೆದುಕೊಂಡು ನಡುವೆ ನಿಂತೆ. ದಿಲ್ಲಿಯಲ್ಲಿ ನಾನು ಸುಳ್ಳು ಹೇಳಿದ್ದೆ, ನನ್ನಪ್ಪ ಕುರಿಗಾಹಿ, ಕುರಿ ಕಾಯ್ದೇ ನನ್ನನ್ನು ಓದಿಸಿದ, ಈ ವಾಸನೆಯಲ್ಲೇ ನಾನು ಬೆಳೆದಿದ್ದೇನೆ, ಸಹಿಸಲಾಗದವರು ಹಿಂದಿನ ಸೀಟಿಗೆ ಹೋಗಬಹುದು, ನಾವು ಏಳುವುದಿಲ್ಲ. ಇಷ್ಟನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಬ್ಯಾಂಕಿನವರು ಕಿಟಕಿಯ ಹೊರಗೆ ನೋಡತೊಡಗಿದರು. ಮೈಕ್ ಹಿಂದಿರುಗಿಸಿ, ಗೆದ್ದವಳಂತೆ ಬಂದು ಅಪ್ಪನ ಪಕ್ಕ ಕೂತೆ. ಮಗಳು ನನ್ನ ಕೈ ಹಿಡಿದುಕೊಂಡಳು.

ಅಪ್ಪ ಕಂಬಳಿಯನ್ನು ಮಡಿಲಿಗೆ ಎಳೆದುಕೊಂಡ. ಆಮೇಲೆ ನನಗಷ್ಟೇ ಕೇಳುವಂತೆ ಅಂದ: "ಅವತ್ತ ಕೇಳಿದ್ದು ನನ್ನ. ಇವತ್ತ ಏಳು ಅಂದಿದ್ದೂ ನನಗ. ಎರಡೂ ಸಲ ನೀನ ಮಾತಾಡಿದಿ. ಯಾಕ ಯವ್ವಾ, ನನಗ ಬಾಯಿಲ್ಲೇನು?"

ಸುಳ್ಳಿಗೆ ಬೈಸಿಕೊಳ್ಳಲು ನಾನು ತಯಾರಿದ್ದೆ; ಸತ್ಯ ಹೇಳಿದ್ದಕ್ಕೂ ಬೈಸಿಕೊಳ್ಳಬೇಕಾಗುತ್ತದೆಂದು ಎಣಿಸಿರಲಿಲ್ಲ. ಕಣ್ಣಲ್ಲಿ ನೀರು ಬಂತು.

ಅಷ್ಟರಲ್ಲಿ ಬಸ್ಸು ಗಕ್ಕನೆ ನಿಂತಿತು. ತಿರುವಿನಲ್ಲಿ ರಸ್ತೆಯ ತುಂಬ ಇನ್ನೊಂದು ಹಿಂಡು. ಡ್ರೈವರ್ ಕೈ ತೆಗೆಯದೆ ಹಾರ್ನ್ ಒತ್ತಿದ. ಬಸ್ಸು ಕುರಿಗಳ ನಡುವೆ ಇಂಚಿಂಚಾಗಿ ನುಗ್ಗತೊಡಗಿತು. ಅಪ್ಪ ಎದ್ದ. ಸೀಟುಗಳನ್ನು ಹಿಡಿದುಕೊಳ್ಳುತ್ತ ಮುಂದೆ ಹೋಗಿ ಮೈಕಿಗೆ ಕೈ ಚಾಚಿದ. ಮ್ಯಾನೇಜರ್ ನನ್ನ ಕಡೆ ನೋಡಿದ. ನನ್ನ ಗಂಡ ಏಳಲು ಹೋದರು, ನಾನು ಅವರ ಅಂಗಿ ಹಿಡಿದು ಕೂರಿಸಿದೆ.

ಮೈಕ್ ಅಪ್ಪನ ಕೈಗೆ ಬಂತು. ಗಡಿಯ ಒರಟು ಮರಾಠಿಯಲ್ಲಿ, ಗುಡ್ಡದ ಆಚೆಯವರನ್ನು ಕರೆಯುವ ದನಿಯಲ್ಲಿ ಅವನು ಮಾತಾಡಿದಾಗ ಬಸ್ಸಿನ ಗಾಜುಗಳು ಅದುರಿದವು. ಹಾರ್ನ್ ಬಂದ್ ಮಾಡ್ರಿ. ಮರಿಗಳು ಹಿಂದೆ ಉಳಿದಿವೆ, ತಾಯಿಗಳು ಮುಂದಿವೆ. ನಡುವೆ ಗಾಡಿ ನುಗ್ಗಿದರೆ ಒಂದಕ್ಕೊಂದು ಸಿಗುವುದಿಲ್ಲ. ಎಲ್ಲ ದಾಟುವ ತನಕ ನಿಲ್ಲಬೇಕು.

"ಪಣ ಆಜೋಬಾ, ಉಶೀರ ಹೋತೋಯ," ತಡವಾಗುತ್ತದೆ ಎಂದ ಮ್ಯಾನೇಜರ್.

"ಮೀ ಮೆಂಡರಂ ರಾಖತೋ," ಎಂದ ಅಪ್ಪ. ನಾನು ಕುರಿ ಕಾಯುವವನು. "ಕಿತೀ ಉಶೀರ, ತೇ ಮಲಾ ವಿಚಾರ." ಎಷ್ಟು ತಡವಾಗುತ್ತದೆಂದು ನನ್ನನ್ನು ಕೇಳು.

ಮ್ಯಾನೇಜರ್ ಕೇಳಿದ. ಬೇರೆ ದಾರಿಯಿರಲಿಲ್ಲ. ಅಪ್ಪ ಹಿಂಡನ್ನೊಮ್ಮೆ ನೋಡಿ, ಎರಡು ಬೀಡಿ ಸೇದುವಷ್ಟು ಹೊತ್ತು ಎಂದ. ಡ್ರೈವರ್ ಎಂಜಿನ್ ಆರಿಸಿದ.