ಮಗನ ಹೆಸರಿನಲ್ಲಿ ನಾನು ಆಡಿದ ಆಟ

ನನ್ನ ಮೊಮ್ಮಗಳು ಗೆದ್ದಳು! ನಿನ್ನೆ ಮೂಡುಬಿದಿರೆಯಲ್ಲಿ, ಅಷ್ಟೊಂದು ಕಾಲೇಜುಗಳ ಮಕ್ಕಳ ನಡುವೆ, ಚದುರಂಗದ ಮೊದಲ ಬಹುಮಾನ ನಮ್ಮ ಶ್ರಾವ್ಯಳಿಗೆ. ಅವಳ ಹೆಸರು ಕರೆದಾಗ ನಾನು ಎದ್ದು ನಿಂತೇಬಿಟ್ಟೆ. ಹಿಂದಿನವರು "ಅಜ್ಜ, ಕೂತ್ಕೊಳ್ಳಿ, ನಮಗೆ ಕಾಣುವುದಿಲ್ಲ" ಎಂದರೂ ಕೂರಲಿಲ್ಲ. ಈ ಸಂತೋಷವನ್ನು ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಎದೆ ತಡೆಯುವುದಿಲ್ಲ. ಆಮೇಲೆ ಇನ್ನೊಂದನ್ನೂ ಹೇಳಬೇಕು — ಆ ಹುಡುಗಿಗೂ ಅವಳ ಅಪ್ಪನಿಗೂ ಇಷ್ಟು ವರ್ಷ ಸರಿಯಾಗಿ ಮಾತಿಲ್ಲದೆ ಹೋದದ್ದು ನನ್ನಿಂದ. ನನ್ನ ಮಗನ ಹೆಸರಿನಲ್ಲಿ ಅವನ ಮಗಳಿಗೆ ನಾನು ಸುಳ್ಳು ಹೇಳಿದೆ. ಸುಳ್ಳು ಬಯಲಾದಾಗ ಅದನ್ನು ಅವನ ತಲೆಯ ಮೇಲೆಯೇ ಬಿಟ್ಟೆ.

ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು. ಪುಂಜಾಲಕಟ್ಟೆಯಲ್ಲಿ ಸೈಕಲ್ ರಿಪೇರಿ ಮಾಡಿ ಬದುಕಿದೆ. ಚದುರಂಗ ಮಾತ್ರ ಬರುತ್ತಿತ್ತು — ಅಂಗಡಿಯ ಜಗಲಿಯಲ್ಲಿ ಇದ್ದಿಲಿನಿಂದ ಮನೆ ಬರೆದು, ನಟ್ಟು ಬೋಲ್ಟು ಇಟ್ಟು ಆಡುತ್ತಿದ್ದ ನಮ್ಮ ಹಳೆಯ ಕ್ರಮದ ಆಟ. ಅದರಲ್ಲಿ ಕಾಲಾಳು ಯಾವಾಗಲೂ ಒಂದೇ ಮನೆ ಮುಂದೆ ಹೋಗುವುದು. ಈಗಿನವರ ಆಟದಲ್ಲಿ ಮೊದಲ ನಡೆಗೆ ಎರಡು ಮನೆ ಹಾರಬಹುದು.

ಇದು ನನಗೆ ಗೊತ್ತಾದದ್ದು ಲಾಕ್‌ಡೌನಿನಲ್ಲಿ. ಮಗ ಸುಧಾಕರ ಮಸ್ಕತ್ತಿನಿಂದ ರಜೆಯಲ್ಲಿ ಬಂದವನು ವಿಮಾನವಿಲ್ಲದೆ ಮನೆಯಲ್ಲೇ ಉಳಿದ. ಅವನ ಫೋನು ಮಗಳ ಆನ್‌ಲೈನ್ ಕ್ಲಾಸಿಗೆ ಹೋಯಿತು. ಹಾಗಾಗಿ ಅವನು ನನ್ನ ಫೋನಿಗೆ ಚದುರಂಗದ ಆ್ಯಪ್ ಹಾಕಿ, ತನ್ನ ಹೆಸರು ಕೊಟ್ಟು, ಮಗಳಿಗೆ ಆಟ ಕಲಿಸಿದ. ಅವಳು ಒಳಗೆ, ಅವನು ಜಗಲಿಯಲ್ಲಿ.

"ಅಪ್ಪ, ನಿಮ್ಮ ಕುದುರೆ ಹೋಯ್ತು!"

"ಹೋಗ್ಲಿ ಮಾರಾಯ್ತಿ, ನಿನ್ನ ಮಂತ್ರಿಯನ್ನು ನೋಡಿಕೋ ಮೊದಲು."

ಕಾಲಾಳು ಎರಡು ಮನೆ ಹಾರಿದ್ದು ಕಂಡು ನಾನು "ಇದೆಂತ ಕಳ್ಳಾಟ!" ಎಂದು ಕೂಗಿದ್ದಕ್ಕೆ ಇಬ್ಬರೂ ಬಿದ್ದು ಬಿದ್ದು ನಕ್ಕಿದ್ದರು. ಊರಿಗೆಲ್ಲ ಹೆದರಿಕೆಯ ಕಾಲ ಅದು. ನಮ್ಮ ಮನೆಯಲ್ಲಿ ಮಾತ್ರ — ಹೇಳಲು ನಾಚಿಕೆಯಾಗುತ್ತದೆ — ಅಷ್ಟು ನಗು ಅದಕ್ಕೆ ಮೊದಲು ಇರಲಿಲ್ಲ.

ವಿಮಾನ ಶುರುವಾಯಿತು, ಆ ಫೋನನ್ನು ಮಗಳಿಗೇ ಬಿಟ್ಟು ಅವನು ಹೋದ. ಶಾಲೆ ತೆರೆಯಿತು, ಬಸ್ಸು ತುಂಬಿ ಓಡಿತು, ಮಾಸ್ಕುಗಳು ಮೊಳೆಯಲ್ಲಿ ನೇತಾಡಿದವು. ಅಪ್ಪ ಮಗಳ ಆಟ ಮಾತ್ರ ಮುಂದುವರಿಯಿತು, ಅವನು ಅಲ್ಲಿಂದ ಹೊಸ ಫೋನಿನಲ್ಲಿ ಅದೇ ಹೆಸರಿನಿಂದ ದಿನಕ್ಕೊಂದು ನಡೆ, ಇವಳು ಇಲ್ಲಿಂದ ಒಂದು.

ಒಂದು ದಿನ ಅವನು ಬೇರೆಯವರ ಫೋನಿನಿಂದ ಕರೆ ಮಾಡಿದ. "ಅಪ್ಪ, ನಮ್ಮನ್ನು ಮರುಭೂಮಿಯ ಸೈಟಿಗೆ ಹಾಕಿದ್ದಾರೆ. ಅಲ್ಲಿ ನೆಟ್ ಇಲ್ಲ. ಸ್ವಲ್ಪ ಸಮಯ ಆಟ ಆಗುವುದಿಲ್ಲ ಅಂತ ಮಗುವಿಗೆ ಹೇಳಿ."

"ಹೇಳ್ತೇನೆ" ಎಂದೆ. ಹೇಳಲಿಲ್ಲ.

ಶಾಲೆಯಿಂದ ಬಂದವಳು ಚೀಲವನ್ನೂ ಇಳಿಸದೆ ಫೋನು ನೋಡುವಳು. ಮುಖ ಸಣ್ಣದಾಗುವುದು. "ಅಪ್ಪನಿಗೆ ಪುರುಸೊತ್ತಿಲ್ಲವಾ ಅಜ್ಜ?" ಎಂದು ಕೇಳಿದ ದಿನ ನಾನು ನನ್ನ ಫೋನು ತೆರೆದೆ. ಮಗನ ಹೆಸರು ಅದರಲ್ಲಿ ಹಾಗೆಯೇ ಇತ್ತು. ಒಂದು ಕಾಲಾಳನ್ನು ಸರಿಸಿದೆ. ಒಳಗಿನಿಂದ ಕೂಗು — "ಅಪ್ಪ ಆಡಿದ್ರು!"

ಮಗುವಿಗಾಗಿ ಮಾಡಿದೆ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ. ಉಳಿದರ್ಧ — ನನಗೆ ರುಚಿ ಹತ್ತಿತ್ತು. ಜಗಲಿಯ ಗೆಳೆಯರೆಲ್ಲ ಹೋಗಿಯಾಗಿತ್ತು, ಆಡಲು ಯಾರೂ ಇರಲಿಲ್ಲ. ಅವಳು ಅಪ್ಪ ಎಂದು ಕಾದು ಕೂರುತ್ತಿದ್ದಳಲ್ಲ, ಆ ಕಾಯುವಿಕೆ ನನಗಾಗಿ ಎಂಬಂತೆ... ಸೊಸೆ ಪುಷ್ಪ, ಬೀಡಿ ಕಟ್ಟುತ್ತಾ, "ಆಗೊಮ್ಮೆ ಈಗೊಮ್ಮೆ ನೆಟ್ ಸಿಗ್ತದೆ ಅಂತ ಕಾಣ್ತದೆ" ಎಂದು ಸಮಾಧಾನಪಟ್ಟಳು. ನಾನು ಅವಳನ್ನೂ ತಿದ್ದಲಿಲ್ಲ.

ಒಮ್ಮೆ ಶ್ರಾವ್ಯ ನನ್ನ ಪಕ್ಕ ಬಂದು ಕೂತಳು. "ಅಪ್ಪ ಈಗ ಕಾಲಾಳನ್ನು ಒಂದೇ ಮನೆ ನೂಕುವುದು, ಅಜ್ಜ. ಹೆದರಿದ ಹಾಗೆ. ಅಲ್ಲಿ ಅವರಿಗೆ ಎಂತಾದ್ರೂ ತೊಂದರೆ ಉಂಟಾ?"

"ತೊಂದರೆ ಎಂತದ್ದು, ಬುದ್ಧಿ ಬಂದಿರಬೇಕು" ಎಂದು ನಕ್ಕೆ. ಆ ನಗು ಈಗಲೂ ನನ್ನ ಕಿವಿಯಲ್ಲಿ ಉಂಟು.

ಆಮೇಲೆ ಆಟದ ಕೆಳಗೆ ಅವಳ ಸಂದೇಶ ಬಂತು. ಬೆಳ್ತಂಗಡಿಯಲ್ಲಿ ನನ್ನ ಮೊದಲ ಪಂದ್ಯ, ಅಪ್ಪ, ನೀವು ಬರ್ತೀರಾ, ಬರುವುದಾದರೆ ಅಮ್ಮನಿಗೆ ಹೇಳುವುದು ಬೇಡ, ಗುಟ್ಟು. ನಾನು ಅದನ್ನು ಎಷ್ಟು ಸಲ ಓದಿದೆನೋ. ಇಲ್ಲ ಎಂದು ಬರೆಯಬಹುದಿತ್ತು. ಏನೂ ಬರೆಯದೆ ಇರಬಹುದಿತ್ತು. ಒಂದು ಬೆರಳಿನಿಂದ ಅಕ್ಷರ ಹುಡುಕಿ ಹುಡುಕಿ "ಬರ್ತೇನೆ" ಎಂದು ಒತ್ತಿದೆ. ಮಕ್ಕಳು ಮರೆಯುತ್ತಾರೆ ಎಂದುಕೊಂಡೆ.

ಮರೆಯಲಿಲ್ಲ. ಬೆಳ್ತಂಗಡಿಗೆ ಅವಳನ್ನು ಕರೆದುಕೊಂಡು ಹೋದವನು ನಾನೇ. ಎದುರಿನವಳು ಯೋಚಿಸುತ್ತಿದ್ದಾಗಲೆಲ್ಲ ಇವಳು ಬಾಗಿಲ ಕಡೆ ನೋಡುತ್ತಿದ್ದಳು. ಸೋತಳು. ಹಿಂದಿರುಗುವಾಗ ಬಸ್ಸಿನ ಕಿಟಕಿಗೆ ಮುಖ ಮಾಡಿ ಕೂತವಳು ಮನೆ ತಲುಪುವವರೆಗೆ ನನ್ನ ಕಡೆ ತಿರುಗಲಿಲ್ಲ.

ಆ ರಾತ್ರಿ ಅವಳು ಗುಟ್ಟನ್ನು ಅಮ್ಮನಿಗೆ ಹೇಳಿಬಿಟ್ಟಳು. ಮುಂದೆ ಅವನ ಕರೆ ಬಂದಾಗ ಪುಷ್ಪ ಸ್ಪೀಕರ್ ಹಾಕಿ ಕೇಳಿದಳು, "ಬರ್ತೇನೆ ಅಂತ ಆ ಮಗುವಿಗೆ ಆಸೆ ತೋರಿಸಿದ್ದು ಯಾಕೆ ನೀವು?"

"ನಾನಾ? ನಾನು ಯಾವಾಗ ಹೇಳಿದ್ದು?"

"ಹಾಗಾದ್ರೆ ಮಗು ಸುಳ್ಳು ಹೇಳ್ತದಾ?"

ಆ ಕಡೆಯಿಂದ ಅವನು ಮೆಲ್ಲನೆ ಹೇಳಿದ, "ಇಲ್ಲ... ಹೇಳಿರಬೇಕು ನಾನು. ಮರೆತುಹೋಯ್ತು."

ನಾನು ಅಲ್ಲೇ ಕೂತಿದ್ದೆ. ಬಾಯಿ ತೆರೆದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಎಲ್ಲ ಕೇಳುತ್ತಾ ಕೂತಿದ್ದ ಶ್ರಾವ್ಯ ಎದ್ದು ಒಳಗೆ ಹೋದಳು. ಆಮೇಲೆ ಅಪ್ಪನ ಕರೆಗೆ "ಹ್ಞೂಂ", "ಇಲ್ಲ", "ಉಂಡೆ" — ಇಷ್ಟೇ. ಅವನು ಊರಿಗೆ ಬಂದಾಗ ಆಡುವ ಎಂದು ಕರೆದರೆ "ಬೇಡ" ಎಂದಳು. ಮಗಳೇ ಬೇಡವೆಂದ ಮೇಲೆ ಅವನು ಆ ಆಟವನ್ನು ತೆರೆಯಲೇ ಇಲ್ಲವಂತೆ. ಮಾತಿಗೆ ನಿಲ್ಲದ ಅಪ್ಪ ಎಂದು ನಮ್ಮ ನೆರೆಕರೆಯಲ್ಲೂ ಅವನಿಗೆ ಹೆಸರು ಬಂತು. ಅದಕ್ಕೇ ಇದನ್ನು ಮನೆಯೊಳಗೆ ಹೇಳಿ ಮುಗಿಸದೆ ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತಿದ್ದೇನೆ.

ಈಗ ಅವನು ಅಲ್ಲಿಯ ಕೆಲಸ ಬಿಟ್ಟು ಬಂದಿದ್ದಾನೆ. ನಿನ್ನೆ ಮೂಡುಬಿದಿರೆಗೆ ನಾವೆಲ್ಲ ಒಟ್ಟಿಗೆ ಹೋಗಿದ್ದೆವು. ಕಪ್ ಹಿಡಿದು ಇಳಿದುಬಂದವಳು ಅವನನ್ನು ದಾಟಿ ನನ್ನ ಹತ್ತಿರ ಬಂದಳು. "ಇದು ನಿಮಗೆ ಅಜ್ಜ. ಅವತ್ತು ಬೆಳ್ತಂಗಡಿಗೆ ಬಂದದ್ದು ನೀವು ಮಾತ್ರ." ಅವಳ ಹಿಂದೆ ಚಪ್ಪಾಳೆ ತಟ್ಟುತ್ತಿದ್ದ ನನ್ನ ಮಗನ ಕೈಗಳು ಹಾಗೇ ನಿಂತವು.

ಮನೆಗೆ ಬಂದು ಆ ಕಪ್ಪನ್ನು ಅವನ ಎದುರು ಇಟ್ಟು ಶ್ರಾವ್ಯಳಿಗೆ ಹೇಳಿದೆ, "ಆ ಬರ್ತೇನೆ ಅಂತ ಬರೆದದ್ದು ನಾನು. ಆಡಿದ್ದೂ ನಾನು. ಇವನಿಗೆ ಏನೂ ಗೊತ್ತಿಲ್ಲ."

ಒಗ್ಗರಣೆಯ ಸೌಟು ಹಿಡಿದು ಪುಷ್ಪ ಬಾಗಿಲಲ್ಲೇ ನಿಂತಳು. ಸುಧಾಕರ ಇಷ್ಟೇ ಹೇಳಿದ, "ಮಗುವಿಗೆ ಹೇಳಿ ಅಂದಿದ್ದೆನಲ್ಲ ಅಪ್ಪ." ಬೈದಿದ್ದರೆ ಹಗುರವಾಗುತ್ತಿತ್ತು.

ಶ್ರಾವ್ಯ ನನ್ನನ್ನೇ ನೋಡಿದಳು. "ಒಂದೇ ಮನೆ..." ಎಂದಳು. ಮತ್ತೆ ಅಪ್ಪನ ಕಡೆ ತಿರುಗಿದಳು. "ನೀವು ಹೇಳದ್ದನ್ನು ಹೇಳಿದೆ ಅಂತ ಒಪ್ಪಿಕೊಂಡದ್ದು ಯಾಕೆ?"

"ನೀನು ಸುಳ್ಳು ಹೇಳುವವಳಲ್ಲ ಅಂತ ಗೊತ್ತಿತ್ತು ಮಗಾ."

ರಾತ್ರಿ ಎಲ್ಲರೂ ಊಟಕ್ಕೆ ಕೂತೆವು. ಗೆದ್ದವಳಿಗೆಂದು ಪುಷ್ಪ ಕೋಳಿ ಪದಾರ್ಥ ಮಾಡಿದ್ದಳು, ಒಣ ರೊಟ್ಟಿ ತರಿಸಿದ್ದಳು. ಚಿಕ್ಕಂದಿನಿಂದ ನನ್ನ ಪಕ್ಕದಲ್ಲೇ ಉಣ್ಣುತ್ತಿದ್ದವಳು ನಿನ್ನೆ ಅಪ್ಪನ ಪಕ್ಕ ಕೂತಳು. ಅವನು ರೊಟ್ಟಿ ಮುರಿದು ಅವಳ ಬಟ್ಟಲಿಗೆ ಹಾಕಿದ, ಅವಳು ಅವನಿಗೆ ಪದಾರ್ಥ ಬಡಿಸಿದಳು. ಫೈನಲಿನಲ್ಲಿ ಮಂತ್ರಿಯನ್ನು ಹೇಗೆ ಹಿಡಿದೆ ಎಂದು ಕೇಳಿದ. ಅವಳು ಹೇಳತೊಡಗಿದಳು — ಹೇಳಿದಳು, ಹೇಳಿದಳು, ಕೈ ಒಣಗುವವರೆಗೆ ಹೇಳಿದಳು. ಅದನ್ನು ಕೇಳುತ್ತಾ ನನಗೆ ಆದ ಸಂತೋಷ!

"ಅಜ್ಜನಿಗೂ ಬಡಿಸು" ಎಂದಳು ಪುಷ್ಪ. ಶ್ರಾವ್ಯ ಪಾತ್ರೆಯನ್ನು ನನ್ನ ಕಡೆ ದೂಡಿದಳು, ಮುಖ ನೋಡಲಿಲ್ಲ. ನಾನೇ ಬಡಿಸಿಕೊಂಡು ಉಂಡೆ.