ಸುಮ್ಮನಿದ್ದರೆ ಸಾಯುವ ಕಂಪ್ಯೂಟರ್

ಹದಿನೆಂಟು ಸಾವಿರ ಹೇಳಿದ್ದನ್ನು ಹನ್ನೆರಡಕ್ಕೆ ಇಳಿಸಿ ತಂದ ಕಂಪ್ಯೂಟರ್ ಅದು. ವಿಜಯವಾಡದಲ್ಲಿ, ಅಂದರೆ ನನ್ನ ಅತ್ತೆಮನೆಯ ಊರಲ್ಲಿ, ಯಾವುದೋ ಆಫೀಸು ಹಳೆಯದಾಯಿತೆಂದು ಕೈಬಿಟ್ಟ ಮಾಲು. ಹೊಸದಕ್ಕೆ ದುಡ್ಡಿರಲಿಲ್ಲವೆಂದಲ್ಲ, ಹೇಳಿದ ಬೆಲೆಗೇ ಒಂದು ವಸ್ತು ಕೊಂಡರೆ ನನಗೆ ಆ ದಿನ ಅನ್ನ ಸೇರುವುದಿಲ್ಲ. ದಾವಣಗೆರೆಯಿಂದ ಬರಿಗೈಲಿ ಬಂದು ವಿಶಾಖಪಟ್ಟಣದ ದ್ವಾರಕಾ ನಗರದಲ್ಲಿ ಲಗ್ನಪತ್ರಿಕೆಯ ಅಂಗಡಿ ಇಟ್ಟವನಿಗೆ ಇಷ್ಟಾದರೂ ಚಟ ಬೇಡವೇ?

ಪರೀಕ್ಷೆ ಮಾಡದೆ ತಂದೆನೆಂದು ತಿಳಿಯಬೇಡಿ. ಮಾರುವವನ ಎದುರಿಗೇ ಒಟ್ಟೊಟ್ಟಿಗೆ ನಾಲ್ಕು ವಿಡಿಯೋ ಓಡಿಸಿದೆ, ಫ್ಯಾನು ಗುಂಯ್‌ಗುಡುವವರೆಗೂ ದುಡಿಸಿದೆ. ಕಂಪ್ಯೂಟರ್ ಬೆವರಲಿಲ್ಲ, ಮಾರುವವನು ಬೆವರಿದ. ಆ ಬೆವರು ನೋಡಿಯೇ ಕೊನೆಯ ಐನೂರು ಇಳಿಸಿದ್ದು. ಪಕ್ಕದಲ್ಲಿ ನಿಂತಿದ್ದ ಹೆಂಡತಿ ಪದ್ಮ, “ಏಮಂಡೀ, ಹೊಸದೇ ತಗೊಳ್ಳೋಣ” ಎಂದಳು. ನಾನು ನಕ್ಕೆ. ಆ ನಗು ಆಮೇಲೆ ತುಟ್ಟಿಯಾಯಿತು.

ನಮ್ಮ ವ್ಯಾಪಾರದ ಪದ್ಧತಿ ನಿಮಗೆ ತಿಳಿದಿರಲಿ. ಪತ್ರಿಕೆ ಅಚ್ಚಿಗೆ ಹೋಗುವ ಮೊದಲು ಎರಡೂ ಕಡೆಯ ಹಿರಿಯರು ಬಂದು ಪರದೆಯ ಮುಂದೆ ಕೂರುತ್ತಾರೆ. ಯಾರ ಹೆಸರು ಮೇಲೆ, ಯಾರದು ಕೆಳಗೆ ಎಂದು ಜಗಳ ಹತ್ತುತ್ತದೆ. ನಾನು ಸೋದರಮಾವಂದಿರನ್ನು ಮೇಲಕ್ಕೂ ಚಿಕ್ಕಪ್ಪಂದಿರನ್ನು ಕೆಳಕ್ಕೂ ಸಾಗಿಸುತ್ತಾ ಇರುತ್ತೇನೆ. ಕೊನೆಗೆ ಎಲ್ಲರೂ ಒಪ್ಪುತ್ತಾರೆ. ಅತಿ ಹಿರಿಯರು ಕನ್ನಡಕ ಏರಿಸಿ ಮೊದಲಿನಿಂದ ಓದಲು ಶುರುಮಾಡುತ್ತಾರೆ. ಅಂಗಡಿಯೆಲ್ಲ ಮೌನ. ಸರಿಯಾಗಿ ಆ ಮೌನದಲ್ಲೇ ನನ್ನ ಕಂಪ್ಯೂಟರ್ ಗಪ್ಪನೆ ಆರಿಹೋಗುತ್ತಿತ್ತು.

ಮೊದಲ ಸಲ ಕರೆಂಟನ್ನು ಬೈದೆ, ಇನ್ನೊಮ್ಮೆ ಯುಪಿಎಸ್ಸನ್ನು ಬೈದೆ. ಆದರೆ ಆಮೇಲೆ ಅದು ಆರಿದ್ದು ಅಪ್ಪಾರಾವುಗಾರು ತಮ್ಮ ಮೊಮ್ಮಗಳ ಪತ್ರಿಕೆ ಓದುತ್ತಿದ್ದಾಗ. ಮಧುರವಾಡದ ಕಡೆ ಅರ್ಧ ಮದುವೆಗಳು ಅವರ ಮಾತಿನ ಮೇಲೆ ನಡೆಯುತ್ತವೆ. “ಏಮಯ್ಯಾ, ಹುಡುಗಿ ಹೆಸರಿಗೆ ಬಂದ ಕೂಡಲೇ ಕತ್ತಲಾಯಿತಲ್ಲ?” ಎಂದರು. ಅವರ ಹೆಂಡತಿ ಸೆರಗು ಸರಿಮಾಡಿಕೊಂಡು ಎದ್ದೇಬಿಟ್ಟರು. “ಇನ್ನೊಂದು ಸಲ ಬರುತ್ತೇವೆ. ಆಗಲೂ ಹೀಗೇ ಆದರೆ ನಿನ್ನ ದಾರಿ ನಿನಗೆ” ಎಂದು ಅಪ್ಪಾರಾವುಗಾರೂ ಎದ್ದರು.

ಈ ವ್ಯಾಪಾರದಲ್ಲಿ ಕಾಗುಣಿತದ ತಪ್ಪನ್ನು ಕ್ಷಮಿಸುತ್ತಾರೆ. ಅಪಶಕುನದ ಅಂಗಡಿ ಎಂಬ ಹೆಸರು ಬಂತೆಂದರೆ ಪತ್ರಿಕೆ ಪುಕ್ಕಟೆ ಕೊಟ್ಟರೂ ಯಾರೂ ಮುಟ್ಟುವುದಿಲ್ಲ.

ರಿಪೇರಿಯವನು ರ‍್ಯಾಮ್ ಕಿತ್ತು ರಬ್ಬರಿನಿಂದ ಉಜ್ಜಿದ. ವಿಂಡೋಸ್ ಹೊಸದಾಗಿ ಹಾಕಿದ. ತವರಿಗೆ ಹೋಗಿದ್ದ ಪದ್ಮ ಇಂದ್ರಕೀಲಾದ್ರಿ ಬೆಟ್ಟದ ಅಮ್ಮನವರ ಗುಡಿಯಿಂದ ಕುಂಕುಮ ತಂದು ಸಿಪಿಯು ಡಬ್ಬದ ಹಣೆಗೆ ಇಟ್ಟಳು. ಮಾರಿದವನಿಗೆ ಫೋನು ಮಾಡಿ ಕೂಗಾಡಿದರೆ, “ಸಾರ್, ಅಷ್ಟೊತ್ತು ದುಡಿಸಿ ನೋಡಿದಿರಲ್ಲ, ಆಗ ಸತ್ತಿತ್ತಾ?” ಎಂದ. ನನ್ನ ಜಾಣತನವನ್ನು ನನಗೇ ತಿರುಗಿಸಿ ಮಾರಿದ, ಅದೂ ಚೌಕಾಸಿಯಿಲ್ಲದೆ.

ಸುಳಿವು ಸಿಕ್ಕಿದ್ದು ಬೇರೊಂದು ಮದುವೆಯ ಜಗಳದಲ್ಲಿ. ಬೀಗರು ಮಧ್ಯಾಹ್ನವಿಡೀ ಕಿತ್ತಾಡಿದರು. ಕಂಪ್ಯೂಟರ್ ಕಲ್ಲುಗುಂಡಿನ ಹಾಗಿತ್ತು. ರಾಜಿಯಾಗಿ ಸುಮ್ಮನಾದರು, ಆರಿತು. “ನಿಮ್ಮ ಮಷೀನಿಗೆ ಜಗಳ ಇದ್ದರೇ ಆರೋಗ್ಯ, ನಿಮ್ಮ ಹಾಗೆ” ಎಂದು ಪದ್ಮ ಚುಚ್ಚಿದಳು. ಅವಳು ಕೊಂಕಾಗಿ ಅಂದದ್ದನ್ನು ನಾನು ಸಾಕ್ಷಿಯಾಗಿ ತೆಗೆದುಕೊಂಡೆ. ಮರುದಿನ ನಾದಸ್ವರದ ವಿಡಿಯೋ ಹಚ್ಚಿಟ್ಟು ಕೈಕಟ್ಟಿ ಕೂತೆ: ಬದುಕಿತ್ತು. ನಿಲ್ಲಿಸಿ ಕೂತೆ: ಸತ್ತಿತು. ಮತ್ತೆ ಹಚ್ಚಿದೆ, ಮತ್ತೆ ನಿಲ್ಲಿಸಿದೆ. ಅದೇ ಕಥೆ. ಕುಣಿಯುವುದೊಂದು ಬಾಕಿ! ದುಡಿಮೆ ಅದನ್ನು ಕೊಲ್ಲುತ್ತಿರಲಿಲ್ಲ, ವಿಶ್ರಾಂತಿ ಕೊಲ್ಲುತ್ತಿತ್ತು.

ನಿದ್ದೆಗೆ ಮೆಟ್ಟಿಲುಗಳಿವೆ. ಊಟವಾದ ಮೇಲೆ ಗಲ್ಲಾದ ಹಿಂದೆ ಕಣ್ಣು ಮುಚ್ಚಿದರೂ ಗಿರಾಕಿಯ ಚಪ್ಪಲಿ ಸದ್ದು ಕೇಳುವುದು ಮೊದಲನೆಯದು. ಫ್ಯಾನಿನ ಸದ್ದೂ ಕೇಳದಿರುವುದು ಅದರ ಕೆಳಗಿನದು. ಎದ್ದಾಗ ಇದು ಯಾರ ಅಂಗಡಿ ಎಂದು ತಡಕಾಡುವುದು ತಳದ್ದು. ಕಂಪ್ಯೂಟರಿನ ಮಿದುಳಾದ ಪ್ರೊಸೆಸರಿಗೂ ಹೀಗೆಯೇ, ಅದನ್ನು ಸಿ-ಸ್ಟೇಟ್ ಅನ್ನುತ್ತಾರೆಂದು ಇಂಟರ್ನೆಟ್ಟಿನಲ್ಲಿ ಹುಡುಕಿ ತಿಳಿದೆ. ಕೆಲಸವಿಲ್ಲದಾಗ ಕರೆಂಟು ಉಳಿಸಲು ಮೆಟ್ಟಿಲು ಇಳಿಯುತ್ತದೆ. ತಳಕ್ಕೆ ಇಳಿದರೆ ಅದು ಎಳೆಯುವ ಕರೆಂಟು ಎಷ್ಟು ಕಡಿಮೆಯೆಂದರೆ, ಕೆಲವು ಹಳೆಯ ಪವರ್ ಸಪ್ಲೈಗಳು ಮನೆಯಲ್ಲಿ ಯಾರೂ ಇಲ್ಲವೆಂದುಕೊಂಡು ಬಾಗಿಲು ಹಾಕಿಬಿಡುತ್ತವೆ. ಮದ್ದು ಸಲೀಸು. ಕಂಪ್ಯೂಟರ್ ಶುರುವಾಗುವಾಗಲೇ ಡಿಲೀಟ್ ಒತ್ತಿ ಬಯಾಸ್ ಎಂಬ ಮೂಲ ಸೆಟ್ಟಿಂಗಿನ ಪುಟಕ್ಕೆ ಹೋಗಿ, ಆ ಆಳದ ನಿದ್ದೆಯನ್ನು ಬಂದ್ ಮಾಡಿದೆ. ಕರೆಂಟು ಚೂರು ಜಾಸ್ತಿ ತಿನ್ನುತ್ತದೆ, ತಿನ್ನಲಿ.

ಅಪ್ಪಾರಾವುಗಾರು ಬಂಧುಬಳಗದ ಸಮೇತ ಬಂದರು. ಜಗಳವಾಯಿತು, ರಾಜಿಯಾಯಿತು, ಕನ್ನಡಕ ಏರಿತು. ನಾನು ಬೇಕೆಂದೇ ಮೌಸ್ ಬಿಟ್ಟು ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡೆ. ಪದ್ಮ ಕುಂಕುಮದ ಕಡೆ ನೋಡುತ್ತಿದ್ದಳು. ಹುಡುಗಿಯ ಹೆಸರು ದಾಟಿತು, ಹುಡುಗನದು ದಾಟಿತು, ಮುಹೂರ್ತ ದಾಟಿತು. ಬಂಧುಮಿತ್ರರ ಅಭಿನಂದನೆಗಳವರೆಗೂ ಓದಿ ಮುಗಿಸಿದ ಮುದುಕರು ಮತ್ತೆ ಮೊದಲಿನಿಂದ ಓದಿದರು. ಪರದೆ ಗರ್ಭಗುಡಿಯ ದೀಪದ ಹಾಗೆ ಬೆಳಗುತ್ತಲೇ ಇತ್ತು.

“ಅಚ್ಚು ಹಾಕಿಸಯ್ಯಾ” ಎಂದರು. ಆಮೇಲೆ, “ರೇಟಿನಲ್ಲಿ ಏನಾದರೂ...?”

“ಒಂದು ಪೈಸೆ ಇಲ್ಲ ಅಂಡೀ” ಎಂದೆ, ಎದೆಯುಬ್ಬಿಸಿ.

ಆದ್ದರಿಂದ ಹಳೆಯ ಕಂಪ್ಯೂಟರ್ ಕೊಳ್ಳುವಾಗ ನನ್ನ ಹಾಗೆ ಬರೀ ದುಡಿಸಿ ನೋಡಬೇಡಿ. ಎಲ್ಲವನ್ನೂ ಮುಚ್ಚಿ, ಅದನ್ನು ಅದರ ಪಾಡಿಗೆ ಬಿಟ್ಟು, ಮಾರುವವನ ಖರ್ಚಿನಲ್ಲೇ ಒಂದು ಚಹಾ ತರಿಸಿ ನಿಧಾನಕ್ಕೆ ಕುಡಿಯಿರಿ. ಲೋಟ ಖಾಲಿಯಾದರೂ ಬದುಕಿದ್ದರೆ ಬೆಲೆ ಮಾತಾಡಿ. ಆರಿಹೋದರೆ ಮುಖ ಸಪ್ಪಗೆ ಮಾಡಿಕೊಂಡು ಇನ್ನೂ ಗಟ್ಟಿಯಾಗಿ ಮಾತಾಡಿ. ಮದ್ದು ಹೇಗೂ ಈಗ ನಿಮಗೆ ಗೊತ್ತಲ್ಲ.